ಬೆರ್ಚಪ್ಪನ ಮೈಮೇಲಿದ್ದ ಕೋಟು

ಹಳೇ ಬಟ್ಟೆ ಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ. ಹೊಳಲ್ಕೆರೆಯ ಶಾಲೆಯಲ್ಲಿ ಮೇಷ್ಟ್ರಾದಾಗಿನಿಂದ ಅಲ್ಲಿನ ಸಂತೆಯಲ್ಲಿ ಟಾರ್ಪಾಲಿನ ಮೇಲೆ ಗುಡ್ಡೆ ಹಾಕಿದ ಬಟ್ಟೆಯಲ್ಲೇ ನನ್ನ ಮಾನ ಮುಚ್ಚಿಕೊಂಡು ಬಂದಿದ್ದೇನೆ. ಹೊಸ ಅಂಗಿ ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆ, ಎರಡನೆಯದಕ್ಕೆ ಕುಗ್ಗುತ್ತದೆ, ಮೂರನೆಯದಕ್ಕೆ ತನ್ನ ನಿಜ ಗುಣ ತೋರಿಸುತ್ತದೆ. ಹಳೆಯದು ಈ ರಂಪವನ್ನೆಲ್ಲ ಬೇರೆಯವರ ಮನೆಯಲ್ಲಿ ಮುಗಿಸಿಕೊಂಡೇ ಬಂದಿರುತ್ತದೆ. ಇದನ್ನು ಹೆಂಡತಿಗೆ ಎಷ್ಟು ಸಲ ಹೇಳಿದರೂ ಅವಳು ಮೂಗು ಮುರಿಯುವುದು ಬಿಟ್ಟಿಲ್ಲ.

ತೊಂದರೆ ಇಲ್ಲವೇ ಇಲ್ಲ ಎನ್ನಲಾರೆ. ಮೊದಲು ತೊಟ್ಟವನ ಮೊಣಕೈ ಎಲ್ಲಿತ್ತೋ ತೋಳು ಅಲ್ಲೇ ಮಡಚಿಕೊಳ್ಳುತ್ತದೆ. ಜೇಬಿನಲ್ಲಿ ಏನೇನೋ ಸಿಗುತ್ತದೆ. ಒಮ್ಮೆ ಕಾಗದದಲ್ಲಿ ಸುತ್ತಿಟ್ಟ ಹಾಲುಹಲ್ಲು ಸಿಕ್ಕಿತು. ಬಿದ್ದ ಹಲ್ಲನ್ನು ಮನೆಯ ಮಾಳಿಗೆ ಮೇಲೆ ಎಸೆಯದಿದ್ದರೆ ಹೊಸದು ಹುಟ್ಟುವುದಿಲ್ಲ ಎನ್ನುತ್ತಾರೆ. ಯಾರ ಮಗುವೋ, ಯಾವ ಊರ ಮಾಳಿಗೆಯೋ. ಎರಡು ದಿನ ಒದ್ದಾಡಿ ಕೊನೆಗೆ ನಮ್ಮ ಮನೆ ಮೇಲೆಯೇ ಎಸೆದೆ. ಆ ಮಗುವಿಗೆ ಹಲ್ಲು ಬಂತೋ ಇಲ್ಲವೋ ಎಂಬ ಚಿಂತೆ ನನಗೆ ಈಗಲೂ ಇದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ಚಿತ್ರದುರ್ಗದ ನಮ್ಮ ಬೀದಿಗೆ ಬರುವ ಪಾತ್ರೆಯಾಕೆ. ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವುದು ಆಕೆಯ ವ್ಯಾಪಾರ. ನಾನು ತಂದ ಅಂಗಿಗಳನ್ನು ಹೆಂಡತಿ ಆಕೆಗೆ ಕೊಟ್ಟು ಡಬ್ಬಿ ಇಸಿದುಕೊಳ್ಳುತ್ತಾಳೆ, ಆಕೆ ಅವನ್ನು ಸಂತೆಯ ಗುಡ್ಡೆಯವನಿಗೆ ಮಾರುತ್ತಾಳೆ, ನಾನು ಹೋಗಿ ಮತ್ತೆ ಕೊಳ್ಳುತ್ತೇನೆ. ಒಂದು ನೀಲಿ ಗೀರಿನ ಅಂಗಿಯನ್ನು ಹೀಗೆ ಎರಡನೇ ಸಲ ತಂದು, ನನ್ನ ಅಳತೆಗೇ ಹೊಲಿದ ಹಾಗಿದೆ ನೋಡು ಎಂದು ಹಿಗ್ಗಿದ್ದೆ. ಹೆಂಡತಿ ಅದೇ ಅಂಗಿಗೆ ಬಂದ ಡಬ್ಬಿಯಿಂದ ಸಕ್ಕರೆ ತೆಗೆದು ಕಾಫಿ ಮಾಡಿಕೊಟ್ಟಳು.

ಈ ಸುತ್ತಾಟಕ್ಕೆ ಹೋದ ವರ್ಷ ಅಪ್ಪನ ಕೋಟು ಸಿಕ್ಕಿಕೊಂಡಿತು.

ಅಪ್ಪ ಕುರಿ ಕಾಯ್ದವನು. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣುಗಂಡಿನ ಮಾತುಕತೆ ಮುರಿಯುವ ಹಾಗಾದರೆ ಅವನನ್ನೇ ಕರೆಸುತ್ತಿದ್ದರು. ಕರಿ ಕೋಟು ತೊಟ್ಟು, ಹೆಗಲಿಗೆ ಕಂಬಳಿ ಹಾಕಿಕೊಂಡು ಹೋಗಿ ನಾಲ್ಕು ಮಾತಾಡಿ ಬರುತ್ತಿದ್ದ. ಈಚೆಗೆ ಮಾತಿನ ನಡುವೆ ಮರೆವು ಬರತೊಡಗಿತ್ತು. ಹಾಗಾಗಿ ಮೂರು ವರ್ಷದಿಂದ ಯಾರೂ ಕರೆದಿರಲಿಲ್ಲ. ಅಪ್ಪ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಊಟ ಕಡಿಮೆ ಮಾಡಿದ್ದ. ಅಂಥ ಹೊತ್ತಿನಲ್ಲಿ ರಾಮಗಿರಿಯ ನೆಂಟರೊಬ್ಬರು ಬಂದು, ಮಗಳ ನಿಶ್ಚಿತಾರ್ಥಕ್ಕೆ ನೀವೇ ನಾಲ್ಕು ಮಾತಾಡಬೇಕು ಎಂದು ವೀಳ್ಯ ಕೊಟ್ಟು ಹೋದರು. ಅಪ್ಪ ಆ ರಾತ್ರಿ ಎರಡು ಮುದ್ದೆ ಉಂಡ.

ಬೆಳಿಗ್ಗೆ ಟ್ರಂಕು ತೆಗೆದರೆ ಕೋಟು ಇಲ್ಲ. ಅದರ ಬದಲಿಗೆ ಬಂದ ಇಡ್ಲಿ ಪಾತ್ರೆ ಅಡುಗೆಮನೆಯಲ್ಲಿ ಹೊಳೆಯುತ್ತಿತ್ತು. ಹೆಂಡತಿ ಆ ಕೋಟನ್ನು ನನ್ನದೇ ಇನ್ನೊಂದು ಸಂತೆ ಕೋಟು ಎಂದುಕೊಂಡಿದ್ದಳಂತೆ. ಅವಳು ಅಳತೊಡಗಿದಳು. ನಾನು ಬೈಯಲು ಬಾಯಿ ತೆರೆದೆ, ಮೈಮೇಲಿದ್ದ ನನ್ನ ಅಂಗಿಯನ್ನು ನೋಡಿಕೊಂಡು ಮುಚ್ಚಿಕೊಂಡೆ.

ಹೊಸದು ಹೊಲಿಸೋಣ ಎಂದರೆ ಅಪ್ಪ ಒಪ್ಪಲಿಲ್ಲ. ಅವನ ಪ್ರಕಾರ ಮಾತು ಇರುವುದೇ ಆ ಕೋಟಿನಲ್ಲಿ. ಅದಿಲ್ಲದಿದ್ದರೆ ರಾಮಗಿರಿಗೆ ಬರುವುದಿಲ್ಲ ಎಂದು ಗೋಡೆ ಕಡೆ ತಿರುಗಿ ಕೂತ.

ಪಾತ್ರೆಯಾಕೆಯನ್ನು ಹಿಡಿದೆ. ಗುಡ್ಡೆಯವನಿಗೆ ಕೊಟ್ಟೆ ಎಂದಳು. ಗುಡ್ಡೆಯವನು ಹೊಳಲ್ಕೆರೆಯಲ್ಲಿ ಸಿಗದೆ, ಹೊಸದುರ್ಗದಲ್ಲೂ ಸಿಗದೆ, ಹಿರಿಯೂರು ಸಂತೆಯಲ್ಲಿ ಸಿಕ್ಕಿದ. ಐಮಂಗಲದ ಕಡೆಯ ಮುದುಕಿಯೊಬ್ಬಳು ಬೆರ್ಚಪ್ಪನಿಗೆ ಅಂತ ಒಯ್ದಳು ಎಂದ. ಹೊಲದಲ್ಲಿ ಹಕ್ಕಿ ಬೆದರಿಸಲು, ದೃಷ್ಟಿ ತಾಗದಿರಲು ನಿಲ್ಲಿಸುತ್ತಾರಲ್ಲ, ಆ ಬೆರ್ಚಪ್ಪ.

ಮರುದಿನ ಬೆಳಿಗ್ಗೆಯೇ ಅಪ್ಪನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಹೈವೇ ಪಕ್ಕದ ಸೂರ್ಯಕಾಂತಿ ಹೊಲದ ಅಂಚಿನಲ್ಲಿ ಕೋಟು ಕೈಚಾಚಿ ನಿಂತಿತ್ತು. ಮಡಕೆ ತಲೆ, ಸುಣ್ಣದ ಕಣ್ಣು. ಅಪ್ಪ ಇಳಿದು ಅದನ್ನು ಬಹಳ ಹೊತ್ತು ನೋಡಿದ.

ಮುದುಕಿ ಕೊಡುವುದಿಲ್ಲ ಎನ್ನಲಿಲ್ಲ. ಎರಡು ತಕರಾರು ತೆಗೆದಳು. ಮೊದಲನೆಯದು, ಬರಿಮೈಯ ಬೆರ್ಚಪ್ಪನಿಗೆ ಗಿಣಿಗಳು ಮರ್ಯಾದೆ ಕೊಡುವುದಿಲ್ಲ. ನನ್ನ ಅಂಗಿ ಬಿಚ್ಚಿ ಕೊಟ್ಟೆ, ಅಪ್ಪನ ಕಂಬಳಿ ಹೊದ್ದುಕೊಂಡೆ. ಎರಡನೆಯದು ಕಷ್ಟದ್ದು.

"ರೋಡ್ನಾಗೆ ಹೋಗೋರ ಕಣ್ಣೆಲ್ಲ ಅದರ ಮ್ಯಾಲೆ ಬಿದ್ದೈತ್ರಿ. ಹಂಗೇ ಹಾಕ್ಕೊಂಡು ಶುಭಕಾರ್ಯಕ್ಕೆ ಹೋದ್ರೆ ಹುಡುಗಿ ಗತಿ ಏನು? ತೊಟ್ಕಂಡು ಇದೇ ಜಾಗದಾಗೆ ನಿಂತ್ಕಳ್ರಿ. ದೃಷ್ಟಿ ತೆಗೆದು ಕಳಿಸ್ತೀನಿ."

ಅಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ, ನನಗೂ ಕಾಣಲಿಲ್ಲ. ಅವನು ಕೋಟು ತೊಟ್ಟು, ಬೆರ್ಚಪ್ಪ ನಿಂತಿದ್ದ ಗುಣಿಯ ಮೇಲೆ ನಿಂತ. ಕೈ ಇಳಿಸಬ್ಯಾಡ್ರಿ, ಗಿಣಿ ಬರ್ತವೆ ಎಂದು ಹೇಳಿ ಮುದುಕಿ ಉಪ್ಪು ಮೆಣಸಿನಕಾಯಿ ತರಲು ಗುಡಿಸಲಿಗೆ ಹೋದಳು. ಹೋದವಳು ಬೇಗ ಬರಲಿಲ್ಲ. ಬಸ್ಸಿನ ಕಿಟಕಿಯಿಂದ ಜನ ಇಣುಕಿದರು. ಅಂಗಿಯಿಲ್ಲದೆ ಕಂಬಳಿ ಹೊದ್ದ ಮೇಷ್ಟ್ರು, ಪಕ್ಕದಲ್ಲಿ ಕೋಟು ತೊಟ್ಟು ಕೈಚಾಚಿದ ಮುದುಕ, ಕೆಳಗೆ ಅಂಗಾತ ಮಲಗಿದ ಬೆರ್ಚಪ್ಪ. ಒಬ್ಬ ಬೈಕ್ ನಿಲ್ಲಿಸಿ ಫೋಟೊ ಹೊಡೆದುಕೊಂಡ.

ಆಗ ಅಪ್ಪ ಮಾತು ಶುರು ಮಾಡಿದ. ಎದುರಿಗೆ ಇಡೀ ಹೊಲದ ಹೂವುಗಳು ಅವನ ಕಡೆಗೇ ಮುಖ ಮಾಡಿದ್ದವು. ಎರಡೂ ಕಡೆಯ ಹಿರಿಯರಿಗೆ ನಮಸ್ಕಾರ ಹೇಳಿದ, ಗಂಡಿನ ಕಡೆಯವರ ದೊಡ್ಡತನ ಹೊಗಳಿದ. ಆಮೇಲೆ ದನಿ ತಗ್ಗಿಸಿದ.

"ಕುರಿ ಮಾರಿದ ಮ್ಯಾಲೆ ಅದು ಯಾವ ಹಟ್ಟಿ ಸೇರ್ತು ಅಂತ ನಾವು ಕೇಳಂಗಿಲ್ಲ. ಮಗಳ್ನ ಕೊಟ್ಟ ಮ್ಯಾಲೆ ಸಾಯೋ ತನಕ ಕೇಳ್ತೀವಿ. ಕೇಳಿದ್ರೆ ಬೇಜಾರು ಮಾಡ್ಕಬ್ಯಾಡ್ರಿ."

ಮುದುಕಿ ಬಂದು ಮೆಣಸಿನಕಾಯಿ ಹಿಡಿದು ಹಾಗೇ ನಿಂತುಬಿಟ್ಟಿದ್ದಳು. ಅಪ್ಪ ಮುಗಿಸಿದ ಮೇಲೆ ಕಣ್ಣೊರೆಸಿಕೊಂಡು ಮೂರು ಸುತ್ತು ನಿವಾಳಿಸಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬನಿಯನ್ನಿನ ಮೇಲೆ ಕಂಬಳಿ ಹೊದ್ದು ಚಿತ್ರದುರ್ಗಕ್ಕೆ ಹೋಗುವುದೂ ದೊಡ್ಡದೆನಿಸಲಿಲ್ಲ.

ರಾಮಗಿರಿಯಲ್ಲಿ ನಿಶ್ಚಿತಾರ್ಥ ಬೇಗ ಮುಗಿಯಿತು. ಹುಡುಗ ಹುಡುಗಿ ಎಲ್ಲವನ್ನೂ ಫೋನಿನಲ್ಲೇ ಮಾತಾಡಿಕೊಂಡಿದ್ದರು. ಉಂಗುರ, ಕೇಕು, ಫೋಟೊ. ಮೈಕ್ ಹಿಡಿದವನು ಎಲ್ಲರನ್ನೂ ಕರೆದ, ಅಪ್ಪನನ್ನು ಕರೆಯಲಿಲ್ಲ. ಅಪ್ಪ ಆ ಸೆಕೆಯಲ್ಲೂ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಮುಂದಿನ ಕುರ್ಚಿಯಲ್ಲಿ ತುದಿಗೆ ಕೂತಿದ್ದ. ನಾನು ಹೋಗಿ ಮೈಕಿನವನಿಗೆ ನೆನಪಿಸಿದೆ. ಊಟಕ್ಕೆ ಹೊತ್ತಾಯಿತು, ಮದುವೆಯಲ್ಲಿ ನೋಡೋಣ ಎಂದ. ವೀಳ್ಯ ಕೊಟ್ಟು ಕರೆದ ನೆಂಟರು ನನ್ನ ಕಣ್ಣು ತಪ್ಪಿಸಿ ಬಡಿಸುವ ಕಡೆ ಹೋದರು. ನನಗೆ ಬಂದ ಸಿಟ್ಟಿಗೆ ಆ ಮೈಕು ಕಿತ್ತು ಬಾವಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಪಂಕ್ತಿಯಲ್ಲಿ ಕೂತು ಉಂಡೆ.

ಬೈಕಿನಲ್ಲಿ ಬರುವಾಗ ಅಪ್ಪ ನನ್ನ ಭುಜ ಹಿಡಿದುಕೊಂಡು ಕೇಳಿದ.

"ಅವತ್ತು ಹೊಲದಾಗೆ ಚೆನ್ನಾಗಿ ಮಾತಾಡಿದೆ, ಅಲ್ವೇನೋ?"

"ಹೂಂ ಅಪ್ಪ."

"ಎಲ್ಲೂ ಮರೀಲಿಲ್ಲ."

ಅವತ್ತು ಹೊಲದಲ್ಲಿ ಕುರಿಯ ಮಾತನ್ನು ಅವನು ಮೂರು ಸಲ ಹೇಳಿದ್ದ. ಎಲ್ಲೂ ಮರೆಯಲಿಲ್ಲ ಎಂದೆ.