ಮೈಲೇಜು ಮತ್ತು ನನ್ನ ಎಡಗಾಲು

ಇವತ್ತು ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿ, ಏರ್ ಫಿಲ್ಟರನ್ನು ಹೊರಗೆ ತೆಗೆದು ಕಾಂಪೌಂಡ್ ಗೋಡೆಗೆ ಮೆಲ್ಲಗೆ ತಟ್ಟುತ್ತಿದ್ದೆ. ಮಡಿಕೆ ಮಡಿಕೆಯಾಗಿರುವ ಆ ಕಾಗದದಿಂದ ನಮ್ಮ ನಿಜಲಿಂಗಪ್ಪ ಬಡಾವಣೆಯ ಅರ್ಧ ಧೂಳು ಉದುರಿತು. ಪಕ್ಕದ ಮನೆಯ ಗಿರಿಜಮ್ಮ ಗೋಡೆಯಾಚೆಯಿಂದ ಇಣುಕಿ, "ಏನ್ರೀ ಟೀಚರ್, ಬೆಳ್ಬೆಳಿಗ್ಗೆ ಶಾವಿಗೆ ಮಣೆ ತೊಳಿಯಾಕ್ ಹತ್ತೀರೇನು?" ಎಂದರು. ಬಿಸಿ ಧೂಳಿಗೆ ಡೀಸೆಲ್ ಸೇರಿದ ಒಂದು ವಾಸನೆ ಇರುತ್ತದಲ್ಲ, ಅದು ಮೂಗಿಗೆ ಬಡಿದು ನನ್ನನ್ನು ಏಳೆಂಟು ವರ್ಷ ಹಿಂದಕ್ಕೆ ಕರೆದೊಯ್ದಿತು. ಕುಕ್ಕರಿನ ಗ್ಯಾಸ್ಕೆಟ್ ಬದಲಿಸಲೂ ಅಂಜುವ ನಾನು ಈ ಫಿಲ್ಟರಿನ ಡಬ್ಬಿಯ ಕ್ಲಿಪ್ಪು ಬಿಚ್ಚಲು ಕಲಿತದ್ದು ಹೇಗೆಂದು ಹೇಳುತ್ತೇನೆ, ನಿಮಗೆ ಪುರುಸೊತ್ತಿದ್ದರೆ.

ನನ್ನ ಶಾಲೆ ಇದ್ದದ್ದು ಹರಿಹರದಲ್ಲಿ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಎಂದರೆ ದೂರವೇನಲ್ಲ. ಆದರೆ ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೆ ಅದೇ ನಲವತ್ತಾಗುತ್ತದೆ. ಇಪ್ಪತ್ತು ವರ್ಷ ಹಾಗೆಯೇ ನಿಂತೆ. ನಮ್ಮನೆಯವರ ಆಫೀಸು ಮಾತ್ರ ನಡೆದು ಹೋಗುವಷ್ಟು ಹತ್ತಿರ. ಅವರ ಪ್ರೀತಿಯ ಡೀಸೆಲ್ ಕಾರು ಹಗಲೆಲ್ಲ ಗೇಟಿನೊಳಗೆ ಸುಮ್ಮನೆ ನಿಂತಿರುತ್ತಿತ್ತು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಶಾಲೆ ಸೇರಿದೆ. ಕಲಿಸುವವರು ನನ್ನ ಹಳೆಯ ವಿದ್ಯಾರ್ಥಿಯೇ ಆಗಿದ್ದರಿಂದ ಗೇರು ಕರಕರ ಎಂದಾಗ ಪಾಪ, ಬಯ್ಯಲೂ ಆಗದೆ ನಗಲೂ ಆಗದೆ ಕಿಟಕಿಯ ಆಚೆ ನೋಡುತ್ತಿದ್ದರು.

ಅಂತೂ ಕಲಿತೆ. ಆಮೇಲಿನ ಸುಖವನ್ನು ಹೇಗೆ ಹೇಳಲಿ? ಆ ಹದಿನಾಲ್ಕು ಕಿಲೋಮೀಟರಿನಲ್ಲಿ ಯಾರೂ ಉಪ್ಪೆಲ್ಲಿ, ಟವೆಲ್ಲೆಲ್ಲಿ ಎಂದು ಕೇಳುವುದಿಲ್ಲ. ಕಿಟಕಿ ಇಳಿಸಿದರೆ ಗದ್ದೆಯ ಗಾಳಿ. ಬೇಕಾದರೆ ಹಾಡಿಕೊಳ್ಳಬಹುದು, ಹಾಡಿಕೊಳ್ಳುತ್ತಿದ್ದೆ ಕೂಡ, ಶ್ರುತಿಯ ಹಂಗಿಲ್ಲದೆ.

ಆರು ತಿಂಗಳು ಕಳೆಯುವಷ್ಟರಲ್ಲಿ ಕಾರಿನ ಮೈಲೇಜು ಬೀಳತೊಡಗಿತು.

"ಹದಿನೆಂಟು ಕೊಡೋ ಗಾಡಿ ಇದು, ಹದಿನೈದಕ್ಕೆ ಬಂದೈತಲ್ಲೇ" ಎಂದು ನಮ್ಮನೆಯವರು ಒಂದು ಸಂಜೆ ಹಣೆ ಹಿಡಿದು ಕೂತರು. ಮುಂದಿನ ತಿಂಗಳು ಹದಿಮೂರು. ಅದರ ಮುಂದಿನ ತಿಂಗಳು ಹನ್ನೆರಡು. ಮೊದಲು ಬಂಕಿನ ಮೇಲೆ ಅನುಮಾನ ಬಂತು, ಬಂಕು ಬದಲಿಸಿದೆವು. ಆಮೇಲೆ ಟೈರಿನ ಗಾಳಿಯ ಸರದಿ. ಡೀಸೆಲ್ ಸೋರುತ್ತಿರಬಹುದೆಂದು ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿದರು. ಒಂದು ಹನಿಯೂ ಬೀಳಲಿಲ್ಲ, ಬೀದಿಯ ಬೆಕ್ಕು ಮಾತ್ರ ಅದರ ಮೇಲೆ ಸೊಗಸಾಗಿ ಮಲಗಿತು. ಎಲ್ಲ ಮುಗಿದ ಮೇಲೆ ಅವರ ಕಣ್ಣು ನನ್ನ ಎಡಗಾಲಿನ ಮೇಲೆ ಬಿತ್ತು.

"ಕ್ಲಚ್ ಮ್ಯಾಲೇ ಕಾಲಿಟ್ಕಂಡು ಓಡಿಸ್ತಿ ನೀನು. ಅದ್ಕೇ ಕುಡಿತೈತೆ ಅದು."

"ಇಲ್ಲಾರೀ, ಗೇರ್ ಹಾಕಿದ್ ಕೂಡ್ಲೇ ತೆಗೀತೀನಿ."

"ನಿನಗೇ ಗೊತ್ತಾಗಲ್ಲ ಬಿಡು."

ಆ ಮಾತು ನನ್ನನ್ನು ಕೊರೆಯಿತು. ಗೊತ್ತಾಗದೆ ಮಾಡುವ ತಪ್ಪನ್ನು ಅಲ್ಲಗಳೆಯುವುದು ಹೇಗೆ? ಅವತ್ತಿನಿಂದ ರಸ್ತೆ ಬಿಟ್ಟು ನನ್ನ ಪಾದವನ್ನೇ ನೋಡಿಕೊಳ್ಳತೊಡಗಿದೆ. ಹಾಡು ನಿಂತುಹೋಯಿತು. ಮೇಲ್ಸೇತುವೆಯ ಏರಿನಲ್ಲಿ ಕಾರು ಏದುಸಿರು ಬಿಟ್ಟು, ಹಿಂದೆ ಕರಿ ಹೊಗೆ ಉಗುಳಿದರೆ ಅದೂ ನನ್ನ ಕಾಲಿನದೇ ಪ್ರತಾಪ ಎಂದುಕೊಂಡೆ. ಕೊನೆಗೆ ನಮ್ಮನೆಯವರು ತೀರ್ಮಾನ ಹೇಳಿದರು: "ಭಾನುವಾರ ಗ್ಯಾರೇಜಿನ ಉಸ್ತಾದ್ ನೋಡ್ಲಿ. ನಿನ್ನ ಕಾಲಿಂದೇ ಅಂದ್ರೆ ಸೋಮವಾರದಿಂದ ಬಸ್ಸಿಗೆ ಹೋಗಿಬಿಡು. ಗಾಡಿ ಹಾಳಾಗೋದು ಬ್ಯಾಡ." ಒರಟಾಗಿ ಹೇಳಲಿಲ್ಲ, ಮೆತ್ತಗೇ ಹೇಳಿದರು. ಅದಕ್ಕೇ ಎದುರಾಡಲು ಆಗಲಿಲ್ಲ.

ಅವರ ಮನಸ್ಸನ್ನೂ ನೀವು ತಿಳಿಯಬೇಕು. ಆ ಕಾರು ಅವರಿಗೆ ಮನೆಮಗಳಿದ್ದಂತೆ. ಪ್ರತಿ ಅಮಾವಾಸ್ಯೆ ಅದನ್ನು ತೊಳೆದು ವಿಭೂತಿ ಬಳಿದು, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡುತ್ತಿದ್ದರು. ಪೂಜೆಗೆ ಮಂಡಕ್ಕಿ ಹಂಚುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಇವರು ಬಾನೆಟ್ ಎತ್ತಿ ಬ್ಯಾಟರಿಯ ಪಕ್ಕದ ಸಂದಿಯಲ್ಲೂ ಒಂದು ಬೊಗಸೆ ಇಡುತ್ತಿದ್ದರು. "ದುಡಿಯೋದು ಅದು. ನೈವೇದ್ಯ ನಾವಷ್ಟೇ ತಿಂದ್ರೆ ಹೆಂಗೆ?" ಎನ್ನುವುದು ಅವರ ನ್ಯಾಯ.

ಉಸ್ತಾದರ ಗ್ಯಾರೇಜು ವಿನೋಬನಗರದ ಒಂದು ಅಡ್ಡರಸ್ತೆಯಲ್ಲಿತ್ತು. ಅರವತ್ತು ದಾಟಿದ ಸಣಕಲು ಮನುಷ್ಯ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಭಾನುವಾರ ನಾನೊಬ್ಬಳೇ ಹೋದೆ. ತೀರ್ಪು ಹೇಳಿಸಿಕೊಳ್ಳುವಾಗ ಗಂಡ ಪಕ್ಕದಲ್ಲಿರುವುದು ಬೇಡವೆನಿಸಿತ್ತು.

"ಉಸ್ತಾದ್ರೇ, ನಾನು ಓಡಿಸೋದ್ರಿಂದ ಮೈಲೇಜ್ ಬಿದ್ದೈತಂತೆ. ನಿಜ ಏನೈತೋ ಅದನ್ನೇ ಹೇಳ್ರಿ."

"ಯಾರು ಅಂದದ್ದು? ಸಾಹೇಬ್ರಾ?" ಎಂದು ಅವರು ಕೈ ಒರೆಸಿಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕೂತರು. "ನಡೀರಿ ಅಮ್ಮಾ, ಹರಿಹರಕ್ಕೆ. ದಿನಾ ಹೆಂಗೆ ಹೋಗ್ತೀರೋ ಹಂಗೇ."

ದಾರಿಯುದ್ದಕ್ಕೂ ಅವರು ರಸ್ತೆ ನೋಡಲಿಲ್ಲ. ಬಗ್ಗಿ ನನ್ನ ಕಾಲನ್ನೇ ನೋಡುತ್ತಿದ್ದರು. ನನಗೋ ಪರೀಕ್ಷೆಗೆ ಕೂತ ಹುಡುಗಿಯ ಪಾಡು. ಹರಿಹರ ಸಿಕ್ಕುವ ಮೊದಲು ಒಂದು ಬೇವಿನ ಮರದಡಿ ನಿಲ್ಲಿಸಲು ಹೇಳಿದರು. ಇಳಿದು, ಮಕ್ಕಳ ಜ್ವರ ನೋಡುವ ಹಾಗೆ ನಾಲ್ಕೂ ಚಕ್ರಗಳ ನಡುಭಾಗಕ್ಕೆ ಕೈಯ ಹಿಂಬದಿ ತಾಗಿಸಿ ನೋಡಿದರು.

"ಬಿಸಿ ಇಲ್ಲ, ಬ್ರೇಕ್ ಎಲ್ಲೂ ಹಿಡ್ಕಂಡಿಲ್ಲ. ಅಮ್ಮಾ, ನಿಮ್ಮ ಕಾಲು ಬಿಲ್ಕುಲ್ ಸಾಫ್ ಐತೆ. ಸಾಹೇಬ್ರಿಗಿಂತ ಚಲೋ ಓಡಿಸ್ತೀರಿ."

ನಾನು ಬೇವಿನ ಮರಕ್ಕೆ ಒರಗಿ ನಿಂತೆ. ಕಣ್ಣು ಯಾಕೆ ತುಂಬಿತೋ, ವಯಸ್ಸಿನ ದೋಷವಿರಬೇಕು.

ಉಸ್ತಾದರು ಬಾನೆಟ್ ಎತ್ತಿ, ಏರ್ ಫಿಲ್ಟರಿನ ಡಬ್ಬಿಯ ಕ್ಲಿಪ್ಪುಗಳನ್ನು ಬಿಚ್ಚಿದರು. ಮುಚ್ಚಳ ತೆಗೆದವರೇ "ಯಾ ಅಲ್ಲಾ!" ಎಂದು ಹಿಂದೆ ಸರಿದರು. ಡಬ್ಬಿಯ ತುಂಬ ಮಂಡಕ್ಕಿ! ಅದರ ನಡುವೆ ಪೂಜೆಯ ಹೂಬತ್ತಿಗಳನ್ನೂ, ಕಾರು ಒರೆಸಲು ಇಟ್ಟಿದ್ದ ನನ್ನ ಹಳೆಯ ಸೀರೆಯ ಚೂರುಗಳನ್ನೂ ಸೇರಿಸಿ ಯಾವುದೋ ಇಲಿ ಮೆತ್ತನೆಯ ಹಾಸಿಗೆ ಮಾಡಿಕೊಂಡಿತ್ತು. ಫಿಲ್ಟರಿನ ಕಾಗದ ಕಪ್ಪಗೆ ಕಟ್ಟಿಹೋಗಿತ್ತು.

"ಮೂಗು-ಬಾಯಿಗೆ ಬಟ್ಟೆ ತುರುಕಿ ಓಡು ಅಂದ್ರೆ ಮನುಷ್ಯಾನಾದ್ರೂ ಓಡ್ತಾನಾ? ಗಾಳಿ ಇಲ್ದೆ ಡೀಸೆಲ್ ಸರಿಯಾಗಿ ಉರಿಯಲ್ಲ ಅಮ್ಮಾ, ಕರಿ ಹೊಗೆಯಾಗಿ ಹೋಗ್ತೈತೆ" ಎಂದರು. ಮತ್ತೆ ಡಬ್ಬಿ ನೋಡಿ, "ಇದಕ್ಕೆ ನಾಕು ಮಿರ್ಚಿ ಇದ್ದಿದ್ರೆ ಇಲ್ಲೇ ನಾಷ್ಟಾ ಆಗ್ತಿತ್ತು" ಎಂದು ನಕ್ಕರು. ನಾನೂ ನಕ್ಕೆ, ಎಷ್ಟು ನಕ್ಕೆನೆಂದರೆ ಹಾದುಹೋಗುತ್ತಿದ್ದ ಆಟೊದವರು ನಿಧಾನ ಮಾಡಿ ನೋಡಿದರು.

ಕಸ ತೆಗೆದ ಕೂಡಲೇ ಕಾರು ಹಗುರಾಗಿ ಓಡಿತು. ಗ್ಯಾರೇಜಿಗೆ ಬಂದು ಹೊಸ ಫಿಲ್ಟರ್ ಹಾಕಿಸಿಕೊಂಡೆ. ಉಸ್ತಾದರು ಮಂಡಕ್ಕಿಯನ್ನು ಪೇಪರಿನಲ್ಲಿ ಕಟ್ಟಿ ಕೈಗಿತ್ತು, "ಸಾಹೇಬ್ರಿಗೆ ಕೊಡ್ರಿ, ಅವರದೇ ಪ್ರಸಾದ" ಎಂದರು.

ಮನೆಯಲ್ಲಿ ನಮ್ಮನೆಯವರ ಮುಂದೆ ಪೊಟ್ಟಣ ಬಿಚ್ಚಿದೆ. ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಚುಚ್ಚುಮಾತುಗಳು ಒಂದೆರಡಲ್ಲ. ಆದರೆ ಅವರು ಹೂಬತ್ತಿಯೊಂದನ್ನು ಎತ್ತಿ, ತಾವೇ ಹೊಸೆದದ್ದೆಂದು ಗುರುತು ಹಿಡಿದು, ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ನಿಂತರು. ಆ ಮುಖ ನೋಡಿದ ಮೇಲೆ ಆ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟೆ. ಅಡುಗೆಮನೆಗೆ ಹೋಗಿ ಸಾರಿನ ಒಗ್ಗರಣೆಗೆ ಇಟ್ಟೆ.

ಸೋಮವಾರ ಬೆಳಿಗ್ಗೆ ನಾನು ಬ್ಯಾಗು ಹಿಡಿದು ಬಂದರೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನ ಎಡಗಡೆ ಸೀಟಿನಲ್ಲಿ ಕೂತಿದ್ದರು.

"ಇದೇನ್ರೀ?"

"ಹರಿಹರದಾಗೆ ಕೆಲಸ ಐತೆ. ರಜಾ ಹಾಕೀನಿ."

"ಏನು ಕೆಲಸ?"

"ಐತೆ ಅಂದ್ನಲ್ಲ, ನಡಿ."

ಯಾವ ಕೆಲಸವೂ ಇರಲಿಲ್ಲ. ಶಾಲೆಯ ಹತ್ತಿರ ಇಳಿದವರು ಅಂಗಡಿಯಲ್ಲಿ ಚಹಾ ಕುಡಿದು, ಸಂತೆಗೆ ಬಂದವರ ಹಾಗೆ ಅಲ್ಲಿ ಇಲ್ಲಿ ನೋಡಿ, ದಾವಣಗೆರೆಯ ಬಸ್ಸು ಹತ್ತಿದರಂತೆ. ಸಂಜೆ ನಾನು ಮನೆಗೆ ಬಂದಾಗ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ಎಣ್ಣೆಯ ಬಟ್ಟಲನ್ನೇ ನೋಡುತ್ತ ಕೇಳಿದರು: "ಅಲ್ಲಾ, ಇಪ್ಪತ್ತು ವರ್ಷ ಆ ಬಸ್ಸಿನಾಗೆ ಹೆಂಗೆ ನಿಂತ್ಕಂಡು ಹೋಗ್ತಿದ್ಯೇ?"

ನಮ್ಮ ಮನೆಯಲ್ಲಿ ತಪ್ಪಾಯಿತೆಂಬ ಮಾತಿಗೆ ಬಳಕೆ ಕಡಿಮೆ. ಅವತ್ತು ಅದರ ಕೊರತೆ ನನಗೆ ಕಾಣಲಿಲ್ಲ.

ಇವತ್ತು, ಗೋಡೆಯಾಚೆಯ ಗಿರಿಜಮ್ಮ ಒಳಗೆ ಹೋದರು. ನಾನು ಫಿಲ್ಟರನ್ನು ಅದರ ಜಾಗದಲ್ಲಿ ಕೂರಿಸಿ ಕ್ಲಿಪ್ಪು ಒತ್ತಿದೆ. ಶಾಮನೂರಿನಲ್ಲಿ ನೆಂಟರ ಮನೆ ಗೃಹಪ್ರವೇಶ, ಹತ್ತಕ್ಕೆ ಹೊರಡಬೇಕು. ಒಳಗೆ ನಮ್ಮನೆಯವರು ಆ ನೆಂಟರಿಗೇ ಫೋನಿನಲ್ಲಿ ಹೇಳುತ್ತಿದ್ದಾರೆ: "ಬರ್ತೀವಿ ಬರ್ತೀವಿ. ಇಲ್ಲಪ್ಪಾ, ನಾನೆಲ್ಲಿ ಓಡಿಸ್ತೀನಿ? ನನ್ನ ಕೈಯಾಗೆ ಮೈಲೇಜ್ ಬರಲ್ಲ."