ಎರಡು ಕೈಗಳ ನಡುವಿನ ಮುಖ

ತಮಿಳುನಾಡಿನ ಕಂಬಂ ಹತ್ತಿರದ ಅಕ್ಕನ ದ್ರಾಕ್ಷಿ ತೋಟಕ್ಕೆ ನಾನು ಹೋದದ್ದು ದಿಗಿಲು ಕಡಿಮೆ ಮಾಡಿಕೊಳ್ಳಲು. ರಕ್ತದೊತ್ತಡ ನೋಡಿದ ವೈದ್ಯರು, "ಎಲ್ಲಾದರೂ ಹಸಿರಿರುವ ಕಡೆ ಕೆಲವು ದಿನ ಸುಮ್ಮನೆ ಇದ್ದು ಬನ್ನಿ" ಎಂದಿದ್ದರು. ನಾನು ಹಸಿರು ಕಂಡರೆ ಅದರೊಳಗೆ ಹಾವಿರಬಹುದು ಎಂದುಕೊಳ್ಳುವವನು ಎಂದು ಪಾಪ ಅವರಿಗೇನು ಗೊತ್ತು? ಬಸ್ಸಿನಲ್ಲಿ ತುರ್ತು ಬಾಗಿಲ ಪಕ್ಕದ ಸೀಟನ್ನೇ ಹುಡುಕಿ ಕೂತು, ಆಮೇಲೆ ಆ ಬಾಗಿಲು ತಾನಾಗಿ ತೆರೆದುಕೊಂಡರೆ ಏನು ಗತಿ ಎಂದು ಯೋಚಿಸಿ ಎದ್ದು ಬೇರೆ ಸೀಟಿಗೆ ಹೋಗುವ ಜಾತಿ ನನ್ನದು.

ಹೋದ ಮರುದಿನ ಬೆಳಿಗ್ಗೆ ಕಾಫಿ ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ, ಚಪ್ಪರದ ಆಚೆಯಿಂದ ಢಮ್ಮೆಂದು ಸದ್ದಾಯಿತು. ಮುಂದಿನ ಗಳಿಗೆಯಲ್ಲಿ ನಾನು ಮೋಟಾರ್ ರೂಮಿನ ಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಅಲ್ಲಿಗೆ ಹೇಗೆ ಹೋದೆ ಎಂಬುದು ನೆನಪಿಲ್ಲ. ಕಾಫಿ ಅಂಗಿಯ ಮೇಲಿತ್ತು.

ಅಕ್ಕ ಬಗ್ಗಿ ನೋಡಿದಳು. "ಏನ್ ತಮ್ಮಾ, ಊರಿಗೆಲ್ಲ ಪೀರಂಗಿ ಮಾಡ್ಕೊಡೋನು ನೀನು. ನಿನ್ಗೇ ಇಷ್ಟ್ ಬಯವಾ?"

"ನಾ ಮಾಡದು ಹಿಂದ್ಗಡೆ ಮುಚ್ಳ ಅಕ್ಕ. ಅಷ್ಟೇ."

"ಹಂಗಾರೆ ಗೋಡೆ ಹಿಂದ್ಕಡೆ ಕೂತಿರದೂ ಸರಿನೇ, ಬುಡು."

ಅವಳು ಹೇಳಿದ್ದು ನಿಜ. ದೂರದ ಊರಿನ ಒಂದು ಕಾರ್ಖಾನೆಯಲ್ಲಿ ತೋಪುಗಳ ಹಿಂಬಾಯಿಯನ್ನು, ಅಂದರೆ ಬ್ರೀಚನ್ನು, ವಿನ್ಯಾಸ ಮಾಡುವವರಲ್ಲಿ ನಾನೂ ಒಬ್ಬ. ಗುಂಡನ್ನೂ ಮದ್ದನ್ನೂ ಹಿಂದಿನಿಂದ ತುಂಬಬೇಕು, ಆ ಬಾಯನ್ನು ಭದ್ರವಾಗಿ ಮುಚ್ಚಬೇಕು, ಹಾರಿದ ಮೇಲೆ ಮತ್ತೆ ತೆರೆಯಬೇಕು. ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ಹಾಗೆ ಸುತ್ತುತ್ತಾ ಕೂರಲು ಯುದ್ಧದಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಅದಕ್ಕೆ ತಿರುಪಿನ ಹಲ್ಲುಗಳನ್ನು ಉದ್ದಕ್ಕೆ ಪಟ್ಟಿಪಟ್ಟಿಯಾಗಿ ಕಡಿದು ತೆಗೆದಿರುತ್ತಾರೆ. ಮುಚ್ಚಳ ಸೀದಾ ಒಳಗೆ ಜಾರುತ್ತದೆ. ಸ್ವಲ್ಪ ತಿರುಗಿಸಿದರೆ ಉಳಿದ ಹಲ್ಲುಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಪೂರ್ತಿ ಕಚ್ಚಿಕೊಳ್ಳುವ ತನಕ ಯಾರು ಏನು ಎಳೆದರೂ ಒತ್ತಿದರೂ ಗುಂಡು ಹಾರಬಾರದು. ಎಳೆದ ಮೇಲೂ ಹಾರದೆ ಹೋದರೆ ಗಡಿಬಿಡಿಯಲ್ಲಿ ತೆರೆಯಬಾರದು, ಕಾಯಬೇಕು. ಒಳಗಿನ ಮದ್ದು ಕೆಲವೊಮ್ಮೆ ತೂಕಡಿಸುತ್ತಿರುತ್ತದೆ; ನಾವು ಬಾಗಿಲು ತೆಗೆದು ಇಣುಕುವ ಹೊತ್ತಿಗೆ ಸರಿಯಾಗಿ ಅದಕ್ಕೆ ಎಚ್ಚರವಾಗುತ್ತದೆ. ತೋಪಿನ ಮುಂದಿನ ಬಾಯಿ ಎದುರಾಳಿಗೆ. ಹಿಂದಿನ ಬಾಯಲ್ಲಿ ತಪ್ಪಾದರೆ ಸಾಯುವವರು ನಮ್ಮವರು. ಬೇರೆ ಎಲ್ಲ ಕಡೆ ಬೈಸಿಕೊಳ್ಳುವ ನನ್ನ ಪುಕ್ಕಲು ಗುಣಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ. ಆದರೆ ಪರೀಕ್ಷೆಯ ದಿನ ನಾನು ಇರುವುದು ಕಾಂಕ್ರೀಟ್ ಗೋಡೆಯ ಹಿಂದೆ. ಗುಂಡು ಹಾರಿಸುವ ತೋಪಿನ ಬೆನ್ನಿಗೆ ಒಮ್ಮೆಯೂ ನಿಂತವನಲ್ಲ.

ಬಾವ ನಗುತ್ತಾ ಕರೆದೊಯ್ದು ತಮ್ಮ ಪೀರಂಗಿ ತೋರಿಸಿದರು. ಕಾರ್ಬೈಡ್ ಕಲ್ಲಿನಿಂದ ಏಳುವ ಅನಿಲಕ್ಕೆ ಒಲೆಯ ಲೈಟರಿನಿಂದ ಕಿಡಿ ತಾಗಿಸಿ ಸದ್ದು ಮಾಡುವ ಪೈಪು ಅದು. ಗುಂಡಿಲ್ಲ, ಬರೀ ಸದ್ದು. ಗಿಳಿ, ಗೊರವಂಕಗಳನ್ನು ಓಡಿಸಲು. ಕಲ್ಲು ಹಾಕುವುದು ಹಿಂದಿನ ಮುಚ್ಚಳ ಬಿಚ್ಚಿ. ಆ ಮುಚ್ಚಳದ ತಿರುಪು ಸವೆದು ನುಣ್ಣಗಾಗಿತ್ತು. ಅದು ಕಳಚದಿರಲಿ ಎಂದು ಬಾವ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದರು.

ಬಾವನಿಗೆ ಇರುವುದು ಒಂದೇ ಕಣ್ಣು. ಎಡಗಣ್ಣು ಎಳೆತನದಲ್ಲೇ ಎತ್ತಿನ ಕೊಂಬಿಗೆ ಹೋಗಿದೆ. ಉಳಿದ ಬಲಗಣ್ಣಿಗೆ ದಪ್ಪ ಗಾಜಿನ ಕನ್ನಡಕ. ಕಿವಿಯೂ ಮೋಟಾರಿನ ಪಕ್ಕದಲ್ಲೇ ಬದುಕಿ ಅರ್ಧ ಮಂದವಾಗಿದೆ.

"ಬಾವ, ಈ ಮುಚ್ಳ ಕಿತ್ಕಂಡ್ ಬಂದ್ರೆ ಸೀದಾ ಕಣ್ಣಿಗೇ ಬಡೀತದೆ!" ಎಂದು ಕೂಗಿದೆ. ಹೆಂಡತಿಯ ತಮ್ಮನಾದ ನಾನು ಅವರ ಬಾಯಲ್ಲಿ ಮಾಪ್ಳೆ.

"ಇಷ್ಟ್ ವರ್ಸ ಬಂದಿಲ್ಲೆ ಮಾಪ್ಳೆ. ನೀ ಬಂದ್ಮೇಲೆ ಬತ್ತದಾ? ಹಕ್ಕಿ ಒಂದ್ ಹಣ್ಣು ಕುಕ್ಕಿದ್ರೆ ಮಲೆಯಾಳದ ಯಾವಾರಿ ಇಡೀ ಗೊಂಚ್ಲೇ ಬೇಡ ಅಂತಾನೆ. ಪೀರಂಗಿ ವೇಟು ಬುಡಬೇಡ ಅಂದ್ರೆ ನೀ ಬಂದು ಚಪ್ರದಡೀಲಿ ನಿಂತು ಕೈ ತಟ್ಟು."

"ಕೈ ಯಾಕೆ ತಟ್ಬೇಕು?" ಎಂದಳು ಅಕ್ಕ. "ಇವ್ನ ಮೊಕ ತೋರ್ಸಿದ್ರೆ ಸಾಕು. ಕಿಳಿ ಎಲ್ಲ ಹೆದ್ರಿ ಕುಮುಳಿ ದಾಟಿ ಮಲೆಯಾಳಕ್ಕೇ ಓಡ್ತವೆ."

ಅವರು ನಕ್ಕರು. ನನಗೆ ಮಾತ್ರ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಆ ಮುಚ್ಚಳ ಹಾರಿ ಬರುತ್ತಿತ್ತು. ಪೀರಂಗಿ ಬೇಡವೆಂದರೆ ಕೇಳುವವರಲ್ಲ. ಸರಿ, ಹಿಂಬಾಯಿಯಾದರೂ ಭದ್ರವಾಗಲಿ ಎಂದು ಅಕ್ಕನ ಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದೆ. ದೊಡ್ಡ ತೋಪಿಗೆ ಮಾಡುವುದನ್ನೇ ಸಣ್ಣದಾಗಿ ಮಾಡಿದೆ. ಸ್ವಲ್ಪ ತಿರುಗಿಸಿದರೆ ಕಚ್ಚಿಕೊಳ್ಳುವ ಮುಚ್ಚಳ. ಜೊತೆಗೊಂದು ಕೊಂಡಿ: ಎಡಗೈಯಿಂದ ಕೊಂಡಿ ಒತ್ತಿ ಹಿಡಿದರೆ ಮಾತ್ರ ಬಲಗೈಯಿಂದ ಮುಚ್ಚಳ ತಿರುಗುತ್ತದೆ. ಎರಡೂ ಕೈಗೆ ಕೆಲಸ ಕೊಟ್ಟುಬಿಟ್ಟರೆ ತೆರೆದ ಬಾಯಿ ಇಟ್ಟುಕೊಂಡು ಲೈಟರ್ ಒತ್ತಲು ಮೂರನೆಯ ಕೈ ಇರುವುದಿಲ್ಲವಲ್ಲ! ಈ ಉಪಾಯ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ದಿಂಡಿಗಲ್‌ನಲ್ಲಿ ಬೀಗ ಮಾಡುವವರ ಬೀದಿಯ ಹಿಂದೆ ನಮ್ಮ ದೂರದ ನೆಂಟನೊಬ್ಬನ ಲೇತ್ ಶೆಡ್ಡಿದೆ. ಅವನು ನಕ್ಷೆಯನ್ನು ಅತ್ತಿತ್ತ ತಿರುಗಿಸಿ ನೋಡಿದ.

"ಅಣ್ಣಾ, ಇದು ಬೀಗವಾ, ಮುಚ್ಳವಾ?"

"ಎರಡೂ."

"ಬೀಗ ಅಂದ್ರೆ ಸಾವಿ ಎಲ್ಲಿ?"

"ಎರಡು ಕೈಯೇ ಸಾವಿ."

ಅವನು ಮೆಚ್ಚಿಕೊಂಡು ಮಾಡಿಕೊಟ್ಟ. ನಾನೂ ಉಬ್ಬಿದೆ. ವಾಪಸು ಬರುವಾಗ ನಿಲಕ್ಕೋಟ್ಟೈಯಲ್ಲಿ ಬಸ್ಸಿಗೆ ಹೂವಿನ ಮೂಟೆಗಳು ಏರಿದವು, ಬಸ್ಸೆಲ್ಲ ಮಲ್ಲಿಗೆಯ ಘಮ. ನಾನು ತೊಡೆಯ ಮೇಲಿನ ಪೊಟ್ಟಣವನ್ನು ತಬ್ಬಿಕೊಂಡು, ಪೊಲೀಸರು ಹತ್ತಿ ಇದೇನೆಂದು ಕೇಳಿದರೆ ಯಾವ ಭಾಷೆಯಲ್ಲಿ ಅಳುವುದು ಎಂದು ಯೋಚಿಸುತ್ತಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಕಲಿತವರ ಕಷ್ಟ ಇದು. ಹೆದರಿಕೆಗೂ ಮೊದಲು ಭಾಷೆ ಆರಿಸಬೇಕು.

ಹೊಸ ಮುಚ್ಚಳ ಕೆಲವು ದಿನ ಚೆನ್ನಾಗಿ ನಡೆಯಿತು. ಬಾವ ಪಕ್ಕದ ತೋಟದವರನ್ನೆಲ್ಲ ಕರೆದು, "ನಮ್ ಪೀರಂಗಿಗೆ ದಿಂಡಿಗಲ್ ಬೀಗ ಹಾಕವನೆ ನಮ್ ಮಾಪ್ಳೆ" ಎಂದು ತೋರಿಸಿದರು. ನನಗೆ ನಿದ್ದೆ ಬರತೊಡಗಿತು. ನಿದ್ದೆ ಬಂದರೆ ನನಗೆ ಅನುಮಾನ ಬರಬೇಕಿತ್ತು.

ವ್ಯಾಪಾರಿ ಕೊಯ್ಲಿಗೆ ಬರುವ ಹಿಂದಿನ ದಿನ ಅದು. ಹಣ್ಣು ಕಪ್ಪಾಗಿ ತೂಗುತ್ತಿತ್ತು. ಬೆಳಗಿನ ಗಿಳಿಹಿಂಡು ಬೆಟ್ಟದ ಕಡೆಯಿಂದ ಇಳಿದಾಗ ನಾನು ಮೋಟಾರ್ ರೂಮಿನ ಮೆಟ್ಟಿಲ ಮೇಲಿದ್ದೆ, ಅಕ್ಕ ಕಾಲುವೆ ಬಳಿ ಪಾತ್ರೆ ತೊಳೆಯುತ್ತಿದ್ದಳು. ಬಾವ ಚಪ್ಪರದ ಅಂಚಿನಲ್ಲಿ ಪೀರಂಗಿ ತುಂಬಿ, ಮುಚ್ಚಿ, ಲೈಟರ್ ಒತ್ತಿದರು. ಟಿಕ್ ಎಂದಿತು. ಇನ್ನೊಮ್ಮೆ ಒತ್ತಿದರು. ಟಿಕ್. ಅಷ್ಟೇ.

ಗಿಳಿಗಳು ಚಪ್ಪರದ ಮೇಲೆ ಕೂತವು.

"ತೆಗೀಬೇಡಿ ಬಾವ! ಹಂಗೇ ಬುಟ್ಟು ಈಚೆ ಬನ್ನಿ!"

ಅವರಿಗೆ ಕೇಳಿಸಲಿಲ್ಲ. ಹಳೆಯ ಮುಚ್ಚಳವಿದ್ದಾಗ ಅವರು ಪೈಪಿನ ಪಕ್ಕಕ್ಕೆ ನಿಂತು, ಒಂದೇ ಕೈ ಚಾಚಿ, ಹಕ್ಕಿಗಳ ಕಡೆ ನೋಡುತ್ತಾ ಸುತ್ತಿ ಬಿಚ್ಚುತ್ತಿದ್ದರು. ಈಗ ಹಾಗೆ ಮಾಡಲಾಗದು. ಅವರು ಪೀರಂಗಿಯ ಹಿಂದೆ ನೇರವಾಗಿ ಬಂದು ಕಾಲೂರಿ ನಿಂತರು. ಎಡಗೈ ಕೊಂಡಿಯ ಮೇಲೆ ಹೋಯಿತು, ಬಲಗೈ ಮುಚ್ಚಳದ ಮೇಲೆ. ಕೊಂಡಿ ಎಲ್ಲಿದೆ ಎಂದು ಇರುವ ಒಂದು ಕಣ್ಣಿಗೆ ಕಾಣಬೇಕಲ್ಲ, ಬಗ್ಗಿದರು. ಆ ದಪ್ಪ ಕನ್ನಡಕ ಮುಚ್ಚಳಕ್ಕೆ ಗೇಣುದೂರದಲ್ಲಿ ಬಂದು ನಿಂತಿತು.

ನನ್ನ ನಕ್ಷೆಯಲ್ಲಿ ಎರಡು ಕೈಗಳಿದ್ದವು. ಎರಡು ಕೈ ಒಂದೇ ಕಡೆ ಸೇರಿದರೆ ಅವುಗಳ ನಡುವೆ ಒಂದು ಮುಖವೂ ಬರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಬಾವನ ಕಣ್ಣನ್ನು ಮುಚ್ಚಳದ ಎದುರಿಗೆ ತಂದು ನಿಲ್ಲಿಸಿದವನು ನಾನೇ.

ಎದ್ದು ಓಡಿದೆ. ತೋಪಿನ ಕಡೆಗೆ ಓಡುವುದು ನನ್ನ ದೇಹಕ್ಕೆ ಗೊತ್ತಿಲ್ಲದ ವಿದ್ಯೆ. ಕಾಲು ಮುಂದಕ್ಕೆ ಹೋಗುತ್ತಿತ್ತು, ಉಳಿದ ಮೈಯೆಲ್ಲ ಹಿಂದಕ್ಕೆ ಎಳೆಯುತ್ತಿತ್ತು. ತಗ್ಗಿನ ಚಪ್ಪರ. ಗೊಂಚಲುಗಳು ಮುಖಕ್ಕೆ ಬಡಿದು ಒಡೆದವು. ಒಂದು ಚಪ್ಪಲಿ ಕೆಸರಿನಲ್ಲಿ ಉಳಿಯಿತು. ಯಾವುದಕ್ಕೂ ಲೆಕ್ಕ ಹಾಕುವ ನನ್ನ ತಲೆಗೆ ಆಗ ಒಂದು ಲೆಕ್ಕವೂ ಬರಲಿಲ್ಲ. ಆ ಗಾಜು, ಅದರ ಹಿಂದಿನ ಕಣ್ಣು, ಇವೆರಡೇ ಕಾಣುತ್ತಿದ್ದವು. ಅಕ್ಕ ಏನೋ ಕೂಗಿದಳು. ಬಾವನ ಬಲಗೈ ಆಗಲೇ ತಿರುಗುತ್ತಿತ್ತು. ಅವರ ಹೆಗಲ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ.

ಇಬ್ಬರೂ ಮಣ್ಣಿಗೆ ಬಿದ್ದೆವು. ನನ್ನ ಮಂಡಿಯ ಕೆಳಗೆ ಏನೋ ಪಟ್ಟೆಂದಿತು. ಕಣ್ಣು ಮುಚ್ಚಿ, ಬಾವನ ಮುಖವನ್ನು ಎದೆಗೆ ಅಮುಕಿಕೊಂಡು ಕಾದೆ.

ಗಿಳಿಗಳು ಹಣ್ಣು ಸೀಳುವ ಸದ್ದು ಮಾತ್ರ ಕೇಳುತ್ತಿತ್ತು.

"ಮಾಪ್ಳೆ," ಬಾವ ನನ್ನ ಅಂಗಿಯೊಳಗಿಂದ ಹೇಳಿದರು, "ಪೈತ್ಯ ಹಿಡೀತಾ ನಿನ್ಗೆ? ಉಸ್ರು ಕಟ್ತಾ ಅದೆ."

ಅವರನ್ನು ಎಳೆದುಕೊಂಡೇ ಮೋಟಾರ್ ರೂಮಿನ ಹಿಂದಕ್ಕೆ ಹೋದೆ. ಕೊಂಡಿ ಬಿಟ್ಟು ಅರ್ಧ ತಿರುಗಿದ ಮುಚ್ಚಳ ಹಾಗೇ ನಿಂತಿತ್ತು. ನಾನು ಯಾರನ್ನೂ ಅತ್ತ ಬಿಡಲಿಲ್ಲ. ಅಕ್ಕ ಹೆಂಟೆ ಎಸೆದು ಹಕ್ಕಿ ಓಡಿಸಲು ನೋಡಿದಳು. ಇಲ್ಲಿ ಎದ್ದದ್ದು ಅಲ್ಲಿ ಕೂರುತ್ತಿತ್ತು. "ಅಯ್ಯೋ, ಆ ಮೂಲೆ ಪೂರ್ತಿ ಹೋತು. ಇನ್ನೂ ಎಷ್ಟ್ ಹೊತ್ತುಡಾ?" ಎಂದು ಕೇಳುತ್ತಲೇ ಇದ್ದಳು. ಪೀರಂಗಿ ಈಗ, ಇನ್ನೇನು ಈಗ, ಎಂದು ಕಾಯುವುದರಲ್ಲೇ ಬಿಸಿಲು ಚಪ್ಪರದ ಮೇಲೆ ಬಂತು.

ಕೊನೆಗೆ ನುಗ್ಗೆಕಾಯಿ ಕೀಳುವ ಉದ್ದದ ದೋಟಿಯಿಂದ, ಚಪ್ಪರದ ಕಲ್ಲುಕಂಬದ ಮರೆಯಲ್ಲಿ ನಿಂತು, ಮುಚ್ಚಳವನ್ನು ತಿರುವಿ ತಳ್ಳಿದೆ. ಅದು ಉರುಳಿ ನೆಲಕ್ಕೆ ಬಿತ್ತು. ಒಳಗಿನಿಂದ ಸುಣ್ಣದಂಥ ಬೂದು ಕೆಸರು ಒಸರಿತು, ಬೆಳ್ಳುಳ್ಳಿಯಂಥ ವಾಸನೆ ಬಂತು. ಇನ್ನೇನೂ ಆಗಲಿಲ್ಲ. ಲೈಟರಿಗೆ ಇಬ್ಬನಿ ಹಿಡಿದಿತ್ತು.

"ಇದುಕ್ಕಾ ನನ್ನ ಬೀಳ್ಸಿದ್ದು?" ಎಂದರು ಬಾವ. ಒಡೆದ ಕನ್ನಡಕದ ಚೌಕಟ್ಟು ಅವರ ಕೈಯಲ್ಲಿತ್ತು. "ಕಣ್ಣ ಉಳ್ಸಕ್ಕೆ ಬಂದು ಕಣ್ಣಾಡಿ ತೆಗ್ದೆ."

ಅಕ್ಕ ನಗತೊಡಗಿದಳು. ನಾನು ನಗಲಿಲ್ಲ. ಬಿದ್ದ ಮುಚ್ಚಳವನ್ನು ತೊಳೆದು ತಂದು, ಖಾಲಿ ಪೈಪಿಗೆ ಹಾಕಿ, "ಬಾವ, ಒಂದ್ಸಲ ತೆಗೀರಿ, ಹಂಗೇ ನಿಲ್ರಿ" ಎಂದೆ. ಅವರು ಎಂದಿನಂತೆ ಎರಡು ಕೈ ಹಾಕಿ ಬಗ್ಗಿದರು. ಅವರ ಮುಖ ಮತ್ತು ಮುಚ್ಚಳದ ನಡುವೆ ನನ್ನ ಅಂಗೈ ಇಟ್ಟೆ. ಅಂಗೈಯ ಒಂದು ಬದಿಗೆ ಕಬ್ಬಿಣ ತಣ್ಣಗೆ ತಾಗಿತು, ಇನ್ನೊಂದು ಬದಿಗೆ ಅವರ ಉಸಿರು ಬೆಚ್ಚಗೆ.

ಬಾವ ಅಲ್ಲಾಡಲಿಲ್ಲ. ಅಕ್ಕನ ನಗು ನಿಂತಿತು.

"ವೆಡಿಚಿದ್ರೆ? ಸಿಡಿದಿದ್ರೆ?" ಎಂದು ಕೇಳಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆ ಪ್ರಶ್ನೆ ನನ್ನ ಜೊತೆ ಕೆಲಸದ ಊರಿಗೂ ಬಂತು. ಈಗ ಕಚೇರಿಯಲ್ಲಿ ಯಾವ ಹಿಂಬಾಯಿಯ ನಕ್ಷೆಗೆ ಕೂತರೂ ಹಾರದ ಗುಂಡನ್ನು ತೆಗೆಯಲು ಬರುವವನ ತಲೆ ಎಲ್ಲಿರುತ್ತದೆ ಎಂದು ಮೊದಲು ಒಂದು ದುಂಡು ಮುಖ ಬರೆಯುತ್ತೇನೆ, ಅದಕ್ಕೊಂದು ದಪ್ಪ ಕನ್ನಡಕ. ಜೊತೆಯವರು ನಗುತ್ತಾರೆ. ನಗಲಿ.

"ಅದ ಕಿತ್ತಾಕು ತಮ್ಮಾ," ಎಂದಳು ಅಕ್ಕ ಆವತ್ತು. "ನಮ್ಗೆ ದಿಂಡಿಗಲ್ ಬೀಗನೂ ಬೇಡ, ಪೀರಂಗಿನೂ ಬೇಡ. ನಾನೇ ತಗಡು ಬಡೀತೀನಿ."

"ತಗಡಿಗೆ ಕಿಳಿ ಹೆದರ್ತವಾ? ನಿನ್ ಬಾಯಿಗೇ ಹೆದರಿಲ್ಲೆ," ಎಂದರು ಬಾವ. ಆದರೆ ಪೈಪಿನ ಹತ್ತಿರ ಹೋಗಲಿಲ್ಲ. ನನ್ನ ಕಡೆ ತಿರುಗಿ, "ಪಕ್ಕಕ್ಕೆ ನಿಂತ್ಕಂಡು ತೆಗ್ಯಂಗೆ ಮಾಡಕ್ಕಾಗದಾ ಮಾಪ್ಳೆ?" ಎಂದರು.

ಆಗುತ್ತದೆ. ಉದ್ದದ ಒಂದು ಹಿಡಿಕೆ, ಪಕ್ಕಕ್ಕೆ ಚಾಚಿದ್ದು. ಒಂದೇ ಕೈಗೆ ಸಿಗುವಂಥದ್ದು, ಮುಖವನ್ನು ಹತ್ತಿರ ಕರೆಯದಂಥದ್ದು. ಎಷ್ಟು ಉದ್ದ? ಈ ಸಲ ಊಹೆ ಬೇಡ ಎಂದುಕೊಂಡೆ. ಅಕ್ಕನ ಹೊಲಿಗೆ ಡಬ್ಬಿಯಿಂದ ಅಳತೆ ಟೇಪು ತಂದು, ಬಾವನನ್ನು ಪೈಪಿನ ಪಕ್ಕ ನಿಲ್ಲಿಸಿ, ಕೈ ಚಾಚಿಸಿ, ಮುಚ್ಚಳದಿಂದ ಅವರ ಕಣ್ಣಿನ ತನಕ ಟೇಪು ಎಳೆದೆ. ಟೇಪಿನ ತುದಿ ಅವರ ಕೆನ್ನೆಯ ಮೇಲೆ ಪಟಪಟ ಬಡಿಯುತ್ತಿತ್ತು. ಬೆಳಗಿನ ನಡುಕ ನನ್ನ ಕೈ ಬಿಟ್ಟಿರಲಿಲ್ಲ.

"ರವಿಕೆಗೆ ಅಳತೆ ತಗೋತಾ ಇದ್ದೀಯಾ? ನೆಟ್ಗೆ ಹಿಡಿಡಾ," ಎಂದರು ಬಾವ, ಒಂಟಿ ಕಣ್ಣನ್ನು ಗಟ್ಟಿಯಾಗಿ ಮುಚ್ಚಿ. "ಪೀರಂಗಿ ಬುಟ್ಟ ಕಣ್ಣ ನೀ ಚುಚ್ಚಿ ತೆಗ್ದುಬುಡ್ತೀಯ."

ಅಕ್ಕ ಬಂದು ನನ್ನ ಕೈಯಿಂದ ಟೇಪು ಕಿತ್ತುಕೊಂಡಳು. "ನೀ ಬರ್ಕೋ, ಹೋಗು" ಎಂದು ನನ್ನನ್ನು ದೂಡಿ, ತಾನೇ ಟೇಪಿನ ತುದಿಯನ್ನು ಬಾವನ ಕಣ್ಣಿನ ಕೆಳಗೆ ಒತ್ತಿ ಹಿಡಿದಳು. ಅಂಕಿ ಓದಲು ನಾನು ಬಗ್ಗಿದೆ. ಓದಲಾಗಲಿಲ್ಲ. ಅವಳ ಕೈಯೂ ನಿಲ್ಲುತ್ತಿರಲಿಲ್ಲ.