ಕೌಂಟ್ ಆರ್ಮಾಂಗೆ ಸಿಕ್ಕ ಕ್ಷಮೆ

ಕಣ್ಣು ಕಾಣದ ಮುದುಕರೊಬ್ಬರಿಗೆ, ಪುಟದಲ್ಲಿ ಇಲ್ಲದ ಮಾತನ್ನು ಇದೆ ಎಂಬಂತೆ ಓದಿ ಹೇಳಿದವಳು ನಾನು. ಅವರು ನಂಬಿದರು. ನಂಬಿಕೊಂಡೇ ತೀರಿಹೋದರು. ಯಾರೂ ಬಲವಂತದಿಂದ ನನ್ನ ಕೈಲಿ ಇದನ್ನು ಮಾಡಿಸಲಿಲ್ಲ — ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವರ ಹೆಸರು ಆರ್ಮಾಂ. ಫ್ರಾನ್ಸಿನ ಹಳೆಯ ಸಿರಿವಂತ ಮನೆತನ, ಹುಟ್ಟಿನಿಂದಲೇ ಕೌಂಟ್. ಯೌವನದಲ್ಲಿ ರಾಯಭಾರ ಕಚೇರಿಯ ಕೆಲಸಕ್ಕೆ ಸೇರಿ, ಆಗ್ನೇಯ ಏಷ್ಯಾದ ಪುಟ್ಟ ರಾಜ್ಯವೊಂದರ ಆಸ್ಥಾನದಲ್ಲಿ ಹಲವು ವರ್ಷ ಇದ್ದವರು. ಆ ದೇಶದಲ್ಲಿ ಈಗ ರಾಜನಿಲ್ಲ. ಹೆಸರು ಹೇಳುವುದು ಬೇಡ. ಹೆಂಡತಿ ತೀರಿಕೊಂಡ ಮೇಲೆ ಅವರು ನ್ಯೂಜಿಲೆಂಡಿನಲ್ಲಿದ್ದ ಒಬ್ಬಳೇ ಮಗಳ ಮನೆಗೆ ಬಂದರು. ಮಗಳು ಹೆಲೆನ್, ಅಲ್ಲಿಯ ಹ್ಯಾಮಿಲ್ಟನ್ ಎಂಬ ಊರಿನ ಹೊರಗೆ ಹೈನುಗಾರನೊಬ್ಬನನ್ನು ಮದುವೆಯಾಗಿ ನೆಲೆಸಿದ್ದಳು.

ನಾನು ಮೈಸೂರಿನಲ್ಲಿ ಫ್ರೆಂಚ್ ಎಂ.ಎ. ಮಾಡಿದವಳು. ಗಂಡ ರಘುವಿಗೆ ಹಾಲಿನಪುಡಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿದ್ದರಿಂದ ಹ್ಯಾಮಿಲ್ಟನ್ನಿಗೆ ಬಂದಿದ್ದೆವು. ೨೦೧೩ರ ಸುಮಾರಿಗೆ ಲೈಬ್ರರಿಯಲ್ಲಿ ಫ್ರೆಂಚ್ ಪುಸ್ತಕ ಹುಡುಕುತ್ತಿದ್ದ ನನ್ನನ್ನು ಹೆಲೆನ್ ಮಾತಾಡಿಸಿದಳು. ಅಪ್ಪನ ಕಣ್ಣು ಹೋಗಿದೆ, ನೆನಪುಗಳನ್ನು ಬರೆಸಬೇಕೆನ್ನುತ್ತಾರೆ. ಅವರಿಗೆ ನೆನಪು ಬರುವುದು ಫ್ರೆಂಚಿನಲ್ಲಿ, ಮೊಮ್ಮಕ್ಕಳಿಗೆ ಬರುವುದು ಇಂಗ್ಲಿಷ್ ಒಂದೇ — ನೀವು ಬರುತ್ತೀರಾ ಎಂದು ಕೇಳಿದಳು.

ಹೋದೆ. ಅವರು ಹೇಳುತ್ತಿದ್ದರು, ನಾನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುತ್ತಿದ್ದೆ. ಎಂಥ ಕಥೆಗಳು! ರಾಜನ ತಾಯಿ ಬೀಸಣಿಗೆ ಮಡಿಸಿದರೆಂದರೆ ಆ ಸಂಜೆಯ ಔತಣದಲ್ಲಿ ಯಾರದೋ ಕುರ್ಚಿ ಕೆಳಗಿನ ಸಾಲಿಗೆ ಹೋಯಿತೆಂದೇ ಅರ್ಥ. ಜ್ಯೋತಿಷಿಗೆ ಲಂಚ ಕೊಟ್ಟು ಪ್ರತಿಸ್ಪರ್ಧಿಯ ಪ್ರಯಾಣಕ್ಕೆ ಮುಹೂರ್ತವೇ ಸಿಗದಂತೆ ಮಾಡಿದ ಒಬ್ಬ ಮಂತ್ರಿ. ಯಾರನ್ನೂ ಬಿಡುತ್ತಿರಲಿಲ್ಲ ಅವರು. ಸತ್ತವರನ್ನು ಒಂದೇ ಮಾತಿನಲ್ಲಿ ಎಬ್ಬಿಸಿ ನಿಲ್ಲಿಸಿ, ಇನ್ನೊಂದು ಮಾತಿನಲ್ಲಿ ಚುಚ್ಚಿ ಕೂರಿಸುತ್ತಿದ್ದರು. ನಾನು ನಗುತ್ತಿದ್ದೆ. ಆ ಮನೆಯಲ್ಲಿ ನನಗೊಂದು ಬೆಲೆಯಿತ್ತು — ಈ ಊರಿನಲ್ಲಿ ಬೇರೆಲ್ಲೂ ಇಲ್ಲದ ಬೆಲೆ.

ಒಂದು ದಿನ ಅವರು ಯಾರನ್ನೂ ಚುಚ್ಚಲಿಲ್ಲ. ಬುನ್ಮಿ ಎಂಬ ದುಭಾಷಿಯ ವಿಷಯ ಎತ್ತಿದರು. ಆಸ್ಥಾನದಲ್ಲಿ ಅವರ ಮಾತನ್ನು ರಾಜನಿಗೆ, ರಾಜನ ಮಾತನ್ನು ಅವರಿಗೆ ಮುಟ್ಟಿಸುತ್ತಿದ್ದವನು; ಗೆಳೆಯನೂ ಹೌದು. ಅವರು ಬರೆಸಿದ್ದು ಇಷ್ಟು: “ರಾಜಕುಮಾರನ ಗುಟ್ಟು ಸೇನಾಧಿಪತಿಗೆ ತಿಳಿದದ್ದು ನನ್ನ ಬಾಯಿಂದ. ಔತಣವೊಂದರಲ್ಲಿ ಜಾಣತನ ತೋರಿಸಲು ಹೋಗಿ ಆಡಿದೆ. ಯಾರು ಹೇಳಿದರೆಂದು ಅರಮನೆಯಲ್ಲಿ ವಿಚಾರಣೆಯಾದಾಗ ಬುನ್ಮಿಯ ಹೆಸರು ಕೊಟ್ಟೆ. ಅವನನ್ನು ಕರೆದೊಯ್ದರು. ಅವನ ಹೆಂಡತಿ ಮಗುವನ್ನೆತ್ತಿಕೊಂಡು ನನ್ನ ಬಾಗಿಲಿಗೆ ಬಂದಳು. ನಾನು ಮನೆಯಲ್ಲಿಲ್ಲ ಎಂದು ಹೇಳಿಸಿದೆ.”

ಆಮೇಲೆ ನನ್ನತ್ತ — ನನ್ನ ದನಿಯಿದ್ದ ಕಡೆಗೆ — ಮುಖ ತಿರುಗಿಸಿ ಹೇಳಿದರು: “ಉಳಿದದ್ದನ್ನೆಲ್ಲ ಬೇಕಾದರೆ ತೆಗೆದುಬಿಡಿ, ಮದಾಮ್. ಇದೊಂದು ಇರಲಿ. ಪುಸ್ತಕ ಬರೆಸುತ್ತಿರುವುದೇ ಇದಕ್ಕೆ.”

ಅದನ್ನು ಓದಿದ ಹೆಲೆನ್ ನನ್ನನ್ನು ಅಡುಗೆಮನೆಗೆ ಕರೆದಳು. “ಇದು ಬೇಡ. ನನ್ನ ಮಕ್ಕಳು ಓದ್ತಾರೆ. ಅಪ್ಪನಿಗೆ ಹೇಳೋದೂ ಬೇಡ,” ಎಂದಳು. ಅಷ್ಟೇ. ಬೆದರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಆಗ ನಾನು ಅಲ್ಲಿಯ ಶಾಲೆಯೊಂದರ ಫ್ರೆಂಚ್ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಹೆಲೆನ್ ಆ ಶಾಲೆಯ ಆಡಳಿತ ಮಂಡಳಿಯಲ್ಲಿದ್ದಳು. ಆಕೆ ಅದರ ಮಾತೆತ್ತಲಿಲ್ಲ. ನಾನೇ ಮನಸ್ಸಿನಲ್ಲಿ ಎತ್ತಿಕೊಂಡೆ.

ಮನೆಗೆ ಬಂದು ರಘುವಿಗೆ ಹೇಳಿದೆ. “ಅವರಪ್ಪ, ಅವರ ಮನೆ. ನಿಂಗ್ಯಾಕೆ ಈ ಉಸಾಬರಿ? ಬಿಟ್ಟಾಕು ಕಣೇ,” ಎಂದರು. ನನಗೆ ಬೇಕಿದ್ದದ್ದೂ ಆ ಮಾತೇ — ಇಲ್ಲದಿದ್ದರೆ ಅವರನ್ನು ಕೇಳುತ್ತಲೇ ಇರಲಿಲ್ಲವೇನೋ.

ತೆಗೆದೆ. ತೆಗೆದ ಜಾಗ ಬೋಳಾಗಿ ಕಾಣಬಾರದೆಂದು ನಾನೇ ಒಂದು ವಾಕ್ಯ ಹೊಸೆದು ಕೂರಿಸಿದೆ: ‘ಬುನ್ಮಿ ಎಂಬ ನಿಷ್ಠಾವಂತ ದುಭಾಷಿ ಅರಮನೆಯ ಒಳಜಗಳಕ್ಕೆ ಬಲಿಯಾದ, ಅವನಂಥ ಗೆಳೆಯ ನನಗೆ ಮತ್ತೆ ಸಿಗಲಿಲ್ಲ.’ ವಾಕ್ಯ ಚೆನ್ನಾಗಿ ಬಂದಿದೆ ಎಂದು ಖುಷಿಯೂ ಆಯಿತು. ಅಚ್ಚಿಗೆ ಕೊಡುವ ಮೊದಲು ಮುದುಕರು ಆ ಭಾಗವನ್ನು ಓದಿಸಿ ಕೇಳಿದರು. ಕೈಯಲ್ಲಿ ಹೊಸ ಪುಟ ಹಿಡಿದು, ಅವರು ಹೇಳಿದ್ದ ಹಳೆಯ ಮಾತುಗಳನ್ನೇ ನೆನಪಿನಿಂದ ಓದಿದೆ. ನನ್ನ ದನಿ ನಡುಗಲಿಲ್ಲ. “ಸರಿಯಾಗಿದೆ,” ಎಂದರು.

ಪುಸ್ತಕ ಮನೆಯವರಿಗೆ, ಸ್ನೇಹಿತರಿಗೆಂದು ಅಚ್ಚಾಯಿತು. ಸ್ಥಳೀಯ ಪತ್ರಿಕೆಯಲ್ಲಿ ಅವರ ಫೋಟೊ ಬಂತು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು — ಮುಗಿಯುತ್ತದೆಂದು ನಾನು ತಿಳಿದಿದ್ದೆ. ಆದರೆ ಆ ಫೋಟೊವನ್ನು, ಅದರ ಕೆಳಗಿದ್ದ ಹೆಸರನ್ನು, ಗಂಟೆಗೂ ಹೆಚ್ಚು ದಾರಿಯ ಪಾಪಟೋಟೊಯಿ ಎಂಬ ಊರಿನಲ್ಲಿ ಬೇಕರಿ ನಡೆಸುವ ಮಾಲಿ ಎಂಬ ಹೆಂಗಸು ನೋಡಿದರು. ಬುನ್ಮಿಯ ಮಗಳು. ತಾಯಿಯ ಕಂಕುಳಲ್ಲಿ ಆ ಬಾಗಿಲಿಗೆ ಬಂದಿದ್ದ ಮಗು ಅವರೇ. ನಿರಾಶ್ರಿತರ ಶಿಬಿರದಲ್ಲಿ ಬೆಳೆದು, ತಾಯಿಯೊಂದಿಗೆ ಈ ದೇಶಕ್ಕೆ ಬಂದವರು. ಹೆಲೆನ್‌ಗೆ ಫೋನ್ ಮಾಡಿ ಪುಸ್ತಕ ತರಿಸಿಕೊಂಡು ಓದಿದರು. ಆಮೇಲೆ ಒಂದು ಭಾನುವಾರ ತಮ್ಮ ಕೈಯಾರೆ ಮಾಡಿದ ಬ್ರೆಡ್ಡು ಹಿಡಿದುಕೊಂಡು ಬಂದೇಬಿಟ್ಟರು. ನಾನು ಅಲ್ಲೇ ಇದ್ದೆ.

ಯಾರೆಂದು ತಿಳಿದಾಗ ಕೌಂಟ್ ಆರ್ಮಾಂ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

“ಓದಿದಿರಾ?” ಎಂದರು.

“ಓದಿದೆ, ಸರ್.”

“ಬುನ್ಮಿಯ ವಿಷಯ?”

“ಅದನ್ನೂ ಓದಿದೆ. ಥ್ಯಾಂಕ್ಸ್ ಹೇಳೋಕೇ ಬಂದೆ. ನಮ್ಮಪ್ಪನ ಬಗ್ಗೆ ಯಾರೂ ಒಂದು ಮಾತು ಬರೆದಿರ್ಲಿಲ್ಲ.”

ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಅತ್ತರು — ಆ ಬಗೆಯ ಅಳುವನ್ನು ನಾನು ಗಂಡಸರಲ್ಲಿ ಕಂಡಿರಲಿಲ್ಲ. ಮಾಲಿ ಅವರ ಎರಡೂ ಕೈ ಹಿಡಿದು ಕೂರಿಸಿದರು, ಬೆನ್ನು ಸವರಿದರು. ಮಾಲಿ ತಮ್ಮನ್ನು ಕ್ಷಮಿಸಿದ್ದಾರೆ ಎಂದು ಮುದುಕರು ತಿಳಿದರು. ಮಾಲಿ, ಇವರಿಗೆ ಹಳೆಯ ಗೆಳೆಯನ ನೆನಪಾಯಿತು ಎಂದುಕೊಂಡರು. ಇಬ್ಬರ ನಡುವೆ ಏನು ನಡೆಯುತ್ತಿದೆಯೆಂದು ಗೊತ್ತಿದ್ದವರು ಹೆಲೆನ್ ಮತ್ತು ನಾನು. ಹೆಲೆನ್ ಚಹಾ ತರಲು ಒಳಗೆ ಹೋದಳು. ನಾನು ಬ್ರೆಡ್ಡನ್ನು ತಟ್ಟೆಗೆ ಹಾಕಿದೆ. ಒಂದು ಮಾತು ಸಾಕಿತ್ತು, ಆಗಲೂ —

ಆ ಚಳಿಗಾಲ ಕಳೆಯುವ ಮೊದಲೇ ಅವರು ತೀರಿಕೊಂಡರು. ನೆಮ್ಮದಿಯಾಗಿ ಹೋದರು ಎಂದು ಹೆಲೆನ್ ಹೇಳಿದಳು. ನನಗೆ ಶಾಲೆಯ ಕೆಲಸ ಸಿಕ್ಕಿತು. ಸುಖವಾಗಿಯೇ ಇದ್ದೆ. ಪಶ್ಚಾತ್ತಾಪದಲ್ಲಿ ಬೆಂದೆ ಎಂದರೆ ಅದೂ ಸುಳ್ಳಾಗುತ್ತದೆ. ಅದರ ನೆನಪಾಗದ ತಿಂಗಳುಗಳೇ ಹೆಚ್ಚು.

೨೦೧೯ರಲ್ಲಿ ಗೌರಿಹಬ್ಬದ ಸಾಮಾನಿಗೆಂದು ಪಾಪಟೋಟೊಯಿಗೆ ಹೋದಾಗ ಮಾಲಿಯ ಬೇಕರಿ ಕಂಡಿತು. ಒಳಗೆ ಹೋದೆ. ಗುರುತು ಹಿಡಿದು, ಸಂತೋಷಪಟ್ಟು, ಹಿಂದಿನ ಕೋಣೆಗೆ ಕರೆದೊಯ್ದರು. ಗೋಡೆಯ ಮೇಲೆ ಬುದ್ಧನ ಪಕ್ಕದಲ್ಲಿ ಕಟ್ಟು ಹಾಕಿಸಿದ ಒಂದು ಪುಟ. ನಾನು ಹೊಸೆದ ವಾಕ್ಯ. ಅದರ ಮುಂದೆ ಊದುಬತ್ತಿ.

“ಅಪ್ಪನ ಫೋಟೊ ನಮ್ಮಲ್ಲಿ ಉಳಿದಿಲ್ಲ,” ಎಂದರು ಮಾಲಿ. “ಇದೇ ಫೋಟೊ.”

ಅವತ್ತು ಏನೂ ಹೇಳದೆ ಬಂದೆ. ಮುಂದಿನ ಶನಿವಾರ ಒಬ್ಬಳೇ ಕಾರು ಓಡಿಸಿಕೊಂಡು ಮತ್ತೆ ಹೋಗಿ, ಎಲ್ಲವನ್ನೂ ಹೇಳಿದೆ. ಮುದುಕರು ಬರೆಸಿದ್ದ ಮಾತುಗಳನ್ನು ಹಾಗೆಯೇ ಹೇಳಿ ಎಂದರು ಮಾಲಿ. ಮೊದಲು ಫ್ರೆಂಚಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಮನೆಯಲ್ಲಿಲ್ಲ ಎಂದು ಹೇಳಿಸಿದ ಕಡೆಗೆ ಬಂದಾಗ, “ಅಮ್ಮ ಸಾಯೋವರೆಗೂ ಅವರು ನಿಜವಾಗ್ಲೂ ಮನೇಲಿರ್ಲಿಲ್ಲ ಅಂತಾನೇ ನಂಬಿದ್ಲು,” ಎಂದರು.

ಆಮೇಲೆ ಕೇಳಿದರು: “ಅವತ್ತು ಅವರ ಕೈ ಹಿಡಿದೆನಲ್ಲ, ನೀವು ಅಲ್ಲೇ ನಿಂತಿದ್ರಿ. ಅಲ್ವಾ?”

“ಹೌದು.”

“ಗೊತ್ತಿದ್ರೂ ಹಿಡೀತಿದ್ದೆನೋ ಏನೋ. ಅವರು ಹೇಳೋ ಧೈರ್ಯನಾದ್ರೂ ಮಾಡಿದ್ರು. ಆದ್ರೆ ಅದು ನಾನು ತೀರ್ಮಾನ ಮಾಡ್ಬೇಕಿದ್ದದ್ದು. ನೀವಲ್ಲ.”

ಅಂಗಡಿಯಲ್ಲಿ ಯಾರೋ ಬಂದು ಕರೆದರು. ಅವರು ಎದ್ದು ಏಪ್ರನ್ ಕಟ್ಟಿಕೊಂಡು, “ನೀವಿನ್ನು ಬರ್ಬೇಡಿ,” ಎಂದು ಹೇಳಿ ಹೊರಗೆ ಹೋದರು.

ಅವರು ಕ್ಷಮಿಸಲಿಲ್ಲ. ನಾನು ಕೇಳಲೂ ಇಲ್ಲ. ಮತ್ತೆ ಆ ಅಂಗಡಿಗೆ ಹೋಗಿಲ್ಲ. ಬರಬೇಡಿ ಎಂದ ಮಾಲಿಯ ಮಾತೊಂದನ್ನಾದರೂ ತಿದ್ದದೆ, ಇದ್ದಂತೆಯೇ ಉಳಿಸುತ್ತೇನೆ.